ವಾರ್ಡಿನ ವರದಿಗಾರ ಯಾರು?

ಅಮೆರಿಕದ ಅಧ್ಯಕ್ಷರು ಯಾವ ದೇಶದ ಸರಕಿನ ಮೇಲೆ ಎಷ್ಟು ಸುಂಕ ಹೇರಿದರು ಎಂಬುದು ನಮ್ಮ ನಗರದ ಓದುಗರಿಗೆ ಬೆಳಗಿನ ಕಾಫಿಯ ಹೊತ್ತಿಗೆ ತಿಳಿದಿರುತ್ತದೆ. ರಾಜ್ಯ ಬಜೆಟ್ಟಿನ ಗಾತ್ರ, ಕೇಂದ್ರದಿಂದ ಬರಬೇಕಾದ ತೆರಿಗೆ ಪಾಲು, ವಿಧಾನಸಭೆಯಲ್ಲಿ ನಡೆದ ವಾಗ್ವಾದ ಇವೂ ಅವರಿಗೆ ಗೊತ್ತು. ಆದರೆ ಅವರ ಮನೆಯ ಮುಂದಿನ ರಸ್ತೆಗೆ ಕಳೆದ ಬಾರಿ ಡಾಂಬರು ಹಾಕಿದ್ದು ಯಾವ ತಿಂಗಳು, ಅದಕ್ಕೆ ತಗುಲಿದ ವೆಚ್ಚವೆಷ್ಟು, ಗುತ್ತಿಗೆದಾರ ಯಾರು, ರಸ್ತೆ ಕಿತ್ತುಹೋದರೆ ಸ್ವಂತ ಖರ್ಚಿನಲ್ಲಿ ಸರಿಪಡಿಸಿಕೊಡಬೇಕಾದ ಆತನ ಹೊಣೆಯ ಅವಧಿ ಮುಗಿದಿದೆಯೇ ಇಲ್ಲವೇ ಎಂದು ಕೇಳಿದರೆ ಉತ್ತರ ದೊರೆಯುವುದಿಲ್ಲ. ದೂರದ ಸುದ್ದಿ ಧಾರಾಳವಾಗಿ ಸಿಗುವ ಕಾಲದಲ್ಲಿ ನಮ್ಮ ಬೀದಿಯ ಸುದ್ದಿಯೇ ದುರ್ಲಭವಾಗಿದೆ.

ಈ ಕೊರತೆಯನ್ನು ತುಂಬಲು ಅಲ್ಲಿಯೇ ವಾಸಿಸುವ ನಾಗರಿಕರು ವರದಿಗಾರರಾಗಬೇಕು ಎಂಬ ಮಾತು ಕೇಳಿಬರಲು ಆರಂಭವಾಗಿ ಎರಡು ದಶಕಗಳೇ ಕಳೆದಿವೆ. 'ನಾಗರಿಕ ಪತ್ರಕರ್ತ' ಎಂದೊಡನೆ ಇಂದು ಕಣ್ಣಿಗೆ ಕಟ್ಟುವ ಚಿತ್ರವೆಂದರೆ, ಮೊಬೈಲ್ ಕ್ಯಾಮೆರಾ ಹಿಡಿದು ಲಂಚ ಪಡೆಯುವವನನ್ನೋ ಸಂಚಾರ ನಿಯಮ ಮುರಿದವನನ್ನೋ ಸೆರೆಹಿಡಿದು ಲೋಕಕ್ಕೆ ತೋರಿಸುವ ಉತ್ಸಾಹಿಯದು. ಅಂಥವರ ಕೆಲಸಕ್ಕೂ ಬೆಲೆಯಿದೆ. ಆದರೆ ನನ್ನ ದೃಷ್ಟಿಯಲ್ಲಿ ಬಡಾವಣೆಗೆ ಅಥವಾ ಗ್ರಾಮಕ್ಕೆ ಹೆಚ್ಚು ಉಪಕಾರವಾಗುವುದು ಇನ್ನೊಂದು ಬಗೆಯ ವರದಿಗಾರಿಕೆಯಿಂದ. ಸದ್ದಿಲ್ಲದೆ, ತಪ್ಪದೆ, ತಿಂಗಳಿಂದ ತಿಂಗಳಿಗೆ ಸಾರ್ವಜನಿಕ ಕೆಲಸದ ಲೆಕ್ಕವನ್ನು ಬರೆದಿಡುವುದು ಮತ್ತು ಅದನ್ನು ನೆರೆಹೊರೆಯವರ ಮುಂದಿಡುವುದು ಆ ಬಗೆ. ಹಿಂದೆ ಹಳ್ಳಿಯಲ್ಲಿ ಶಾನುಭೋಗರು ಕಡತ ಇಡುತ್ತಿದ್ದರು. ಅದು ಸರ್ಕಾರಕ್ಕಾಗಿ ಇಟ್ಟ ಕಡತ. ಇಂದು ಬೇಕಾಗಿರುವುದು ನಾಗರಿಕರು ನಾಗರಿಕರಿಗಾಗಿ ಇಡುವ ಕಡತ.

ಪತ್ರಿಕೆಗಳಿಗೆ ಏಕೆ ಸಾಧ್ಯವಿಲ್ಲ

ಇದನ್ನು ಪತ್ರಿಕೆಗಳೇ ಮಾಡಬಾರದೇ ಎಂಬ ಪ್ರಶ್ನೆ ಸಹಜ. ಉತ್ತರ ಅರ್ಥಶಾಸ್ತ್ರದಲ್ಲಿದೆ. ಕರ್ನಾಟಕದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿವೆ. ಬೆಂಗಳೂರು ಮಹಾನಗರ ಪಾಲಿಕೆಗೆ 2010 ಮತ್ತು 2015ರಲ್ಲಿ ಚುನಾವಣೆ ನಡೆದಾಗ 198 ವಾರ್ಡುಗಳಿದ್ದವು. ಒಂದೊಂದು ಪಂಚಾಯಿತಿಗೆ, ಒಂದೊಂದು ವಾರ್ಡಿಗೆ ಸಂಬಳದ ವರದಿಗಾರರನ್ನು ನೇಮಿಸಬಲ್ಲ ಪತ್ರಿಕೆ ಲೋಕದಲ್ಲೆಲ್ಲಿಯೂ ಇಲ್ಲ. ಒಂದು ಬೀದಿಯ ಚರಂಡಿಯ ಸುದ್ದಿಯನ್ನು ಓದಲು ಆಸಕ್ತಿಯುಳ್ಳವರು ಇನ್ನೂರು ಮನೆಯವರು. ಆ ಸುದ್ದಿಯನ್ನು ಸಂಗ್ರಹಿಸಲು ತಗಲುವ ಶ್ರಮ ಮಾತ್ರ ರಾಜ್ಯಮಟ್ಟದ ಸುದ್ದಿಗೆ ತಗಲುವಷ್ಟೇ. ಜಾಹೀರಾತು ಆದಾಯವನ್ನು ನೆಚ್ಚಿದ ಯಾವ ಉದ್ಯಮವೂ ಈ ಲೆಕ್ಕವನ್ನು ಸರಿದೂಗಿಸಲಾರದು.

ಇನ್ನೊಂದು ತೊಡಕೂ ಇದೆ. ಚರಂಡಿಯ ಕಾಮಗಾರಿ ಸರಿಯಾಗಿ ನಡೆದರೆ ಅದರ ಫಲ ಇಡೀ ಬೀದಿಗೆ. ಅದನ್ನು ವಿಚಾರಿಸುವ ಶ್ರಮ ಮಾತ್ರ ಒಬ್ಬರದು. 'ಬೇರೆ ಯಾರಾದರೂ ಕೇಳಲಿ' ಎಂದು ಪ್ರತಿಯೊಬ್ಬರೂ ಸುಮ್ಮನಿರುವುದು ಲಾಭ ನಷ್ಟದ ದೃಷ್ಟಿಯಿಂದ ಜಾಣತನವೇ ಸರಿ. ಅಮೆರಿಕದ ಅರ್ಥಶಾಸ್ತ್ರಜ್ಞ ಮ್ಯಾನ್ಸರ್ ಓಲ್ಸನ್ 1965ರಲ್ಲಿ ವಿವರಿಸಿದ್ದು ಇದನ್ನೇ: ಎಲ್ಲರಿಗೂ ಬೇಕಾದ ಕೆಲಸವನ್ನು ಮಾಡಲು ಯಾರೂ ಮುಂದೆ ಬಾರದಿರುವುದಕ್ಕೆ ಜನರ ಸೋಮಾರಿತನವೊಂದೇ ಕಾರಣವಾಗಬೇಕಿಲ್ಲ. ಆದ್ದರಿಂದ ಈ ಕೆಲಸಕ್ಕೆ ಸಮಯದ ಬೆಲೆ ಅಷ್ಟು ದುಬಾರಿಯಲ್ಲದವರು ಮೊದಲು ಮುಂದೆ ಬರಬೇಕಾಗುತ್ತದೆ. ನಿವೃತ್ತರು, ಕಾಲೇಜು ವಿದ್ಯಾರ್ಥಿಗಳು, ಮನೆಯಿಂದಲೇ ದುಡಿಯುವವರು ಹಾಗೂ ಸ್ವಸಹಾಯ ಸಂಘಗಳ ಸದಸ್ಯೆಯರು ನಮ್ಮ ನಡುವೆ ಕಡಿಮೆಯೇನಿಲ್ಲ.

ಬೆಂಗಳೂರಿನ ಮಟ್ಟಿಗಂತೂ ಈ ಅಗತ್ಯ ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿದೆ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅನಂತರದ ಐದು ವರ್ಷ ಪಾಲಿಕೆ ಆಡಳಿತಾಧಿಕಾರಿಗಳ ಕೈಯಲ್ಲಿತ್ತು. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯ ಪ್ರಕಾರ 2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು. ಆ ಐದು ವರ್ಷಗಳಲ್ಲಿ ವಾರ್ಡಿನ ಸಂಗತಿಯನ್ನು ಸಭೆಯಲ್ಲಿ ಎತ್ತುವ ಸದಸ್ಯರಿರಲಿಲ್ಲ. ಸಭೆಯೇ ಇಲ್ಲದ ಮೇಲೆ ಪತ್ರಿಕೆಯವರು ವರದಿ ಮಾಡಲು ಚರ್ಚೆಯೂ ಇರಲಿಲ್ಲ. ಗಡಿಗಳು ಬದಲಾಗಿ, ಕಚೇರಿಗಳು ಸ್ಥಳಾಂತರಗೊಂಡು, ಕಡತಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಇಂಥ ಸಂದರ್ಭಗಳಲ್ಲಿಯೇ ಹಳೆಯ ಕಾಮಗಾರಿಗಳ ಲೆಕ್ಕ ಮಸುಕಾಗುವುದು.

ಸುದ್ದಿಯಿಲ್ಲದಲ್ಲಿ ವದಂತಿ

ಸ್ಥಳೀಯ ಸುದ್ದಿಯ ಜಾಗ ಖಾಲಿಯಾಗಿಯೇ ಉಳಿದಿದ್ದರೆ ನಷ್ಟ ಇಷ್ಟೇ ಎನ್ನಬಹುದಿತ್ತು. ಆದರೆ ಆ ಜಾಗವನ್ನು ವದಂತಿ ಆಕ್ರಮಿಸಿಕೊಳ್ಳುತ್ತದೆ. 2012ರ ಆಗಸ್ಟ್ ತಿಂಗಳಲ್ಲಿ ಎಸ್‌ಎಂಎಸ್ ಮೂಲಕ ಹರಡಿದ ಬೆದರಿಕೆಯ ಮಾತುಗಳನ್ನು ನಂಬಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ರೈಲು ಹತ್ತಿದರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ಸಂದೇಶವನ್ನು ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅವರ ಮೇಲಿನ ಅನುಮಾನಕ್ಕೆ ಕಾರಣವಾಗಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿಯೂ ಇದೇ ಬಗೆಯ ವದಂತಿಗೆ ವಲಸೆ ಕಾರ್ಮಿಕನೊಬ್ಬ ಬಲಿಯಾಗಿದ್ದ.

ಈ ದುರಂತಗಳಲ್ಲಿ ಸಂದೇಶ ರವಾನಿಸಿದವರೂ ಒಂದರ್ಥದಲ್ಲಿ ತಮ್ಮ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದೇವೆಂದೇ ಭಾವಿಸಿದ್ದಿರಬೇಕು. ಫೋನು ಕೈಯಲ್ಲಿದ್ದ ಮಾತ್ರಕ್ಕೆ ಯಾರೂ ಪತ್ರಕರ್ತರಾಗುವುದಿಲ್ಲ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬುದು ನಮ್ಮ ಹಿರಿಯರ ಗಾದೆ. ಕಂಡದ್ದನ್ನೇ ಪರೀಕ್ಷಿಸಬೇಕೆಂದ ಮೇಲೆ ಕೇಳಿದ್ದನ್ನು ಪರೀಕ್ಷಿಸದೆ ದಾಟಿಸುವುದು ವರದಿಗಾರಿಕೆಯಾಗದು. ಊರಿನಲ್ಲಿ ಇಂಥವರು ಬರೆದರೆ ವಿಚಾರಿಸಿಯೇ ಬರೆಯುತ್ತಾರೆ ಎಂಬ ನಂಬಿಕೆ ಗಳಿಸಿದ ಒಬ್ಬಿಬ್ಬರು ಇದ್ದರೆ, ವದಂತಿ ಬಂದ ದಿನ ಜನ ಅವರ ಮುಖ ನೋಡುತ್ತಾರೆ. ಆ ನಂಬಿಕೆ ಒಂದು ದಿನದಲ್ಲಿ ಬರುವಂಥದಲ್ಲ. ಚರಂಡಿ, ನೀರು, ಬೀದಿದೀಪಗಳ ಸಣ್ಣ ಸುದ್ದಿಯನ್ನು ವರ್ಷಗಟ್ಟಲೆ ಸರಿಯಾಗಿ ಬರೆದವರಿಗೆ ಮಾತ್ರ ದಕ್ಕುವಂಥದು.

ನಡೆದುಬಂದ ದಾರಿ

ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದಿತು. ಅಲ್ಲಿಂದ ಮುಂದೆ ನಮ್ಮ ಪತ್ರಿಕೆಗಳಿಗೆ ಓದುಗರು ಬರೆಯುತ್ತಲೇ ಬಂದಿದ್ದಾರೆ. ವಾಚಕರ ಪತ್ರಗಳ ಅಂಕಣವೇ ನಮ್ಮ ಅತ್ಯಂತ ಹಳೆಯ ನಾಗರಿಕ ಪತ್ರಿಕೋದ್ಯಮ. ಪತ್ರಕರ್ತರೂ ಆಗಿದ್ದ ಡಿ.ವಿ.ಜಿ. ಅವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದರ ಹಿಂದೆಯೂ, ಸಾರ್ವಜನಿಕ ವಿಷಯಗಳನ್ನು ಅಧ್ಯಯನ ಮಾಡಿ ಮಾತನಾಡಬಲ್ಲ ಪೌರರು ಬೇಕೆಂಬ ಕಾಳಜಿಯಿತ್ತು.

ಹೊಸ ಕಾಲದ ಪ್ರಯೋಗಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ದಕ್ಷಿಣ ಕೊರಿಯದ 'ಓಮೈನ್ಯೂಸ್'. ಪ್ರತಿ ನಾಗರಿಕನೂ ವರದಿಗಾರ ಎಂಬ ಘೋಷಣೆಯೊಡನೆ 2000ದ ಫೆಬ್ರವರಿ 22ರಂದು ಆರಂಭವಾದಾಗ ಅದಕ್ಕೆ 727 ನಾಗರಿಕ ವರದಿಗಾರರಿದ್ದರು. ಅವರು ಕಳುಹಿಸಿದ್ದನ್ನು ವೃತ್ತಿನಿರತ ಸಂಪಾದಕರು ಪರಿಶೀಲಿಸಿ ಪ್ರಕಟಿಸುತ್ತಿದ್ದರು ಎಂಬ ಅಂಶವನ್ನು ನಾವು ಮರೆಯಬಾರದು. ನಮ್ಮ ದೇಶದಲ್ಲಿ 2002ರಲ್ಲಿ ಉತ್ತರ ಪ್ರದೇಶದ ಚಿತ್ರಕೂಟದಿಂದ 'ಖಬರ್ ಲಹರಿಯಾ' ಹೊರಟಿತು. ಬುಂದೇಲಿ ನುಡಿಯಲ್ಲಿ ಅದನ್ನು ಬರೆದು ಹಂಚಿದವರು ಗ್ರಾಮೀಣ ಮಹಿಳೆಯರು, ಅವರಲ್ಲಿ ಬಹುಮಂದಿ ದಲಿತರು. ಹೆಚ್ಚಿನ ಶಿಕ್ಷಣವಿಲ್ಲದವರೂ ಕೈಪಂಪಿನ, ಶಾಲೆಯ, ಪೊಲೀಸ್ ಠಾಣೆಯ ಸುದ್ದಿಯನ್ನು ಶಿಸ್ತಿನಿಂದ ಬರೆಯಬಲ್ಲರೆಂದು ಅವರು ತೋರಿಸಿಕೊಟ್ಟರು. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಅದೇ ಸುಮಾರಿಗೆ 'ನಮ್ಮ ಧ್ವನಿ' ಎಂಬ ಸಮುದಾಯ ಮಾಧ್ಯಮ ಕೇಂದ್ರ ಆರಂಭವಾಯಿತು. ಸ್ವಂತ ಬಾನುಲಿ ನಡೆಸಲು ಅಂದು ಅನುಮತಿ ಇರಲಿಲ್ಲವಾದ್ದರಿಂದ ಹಳ್ಳಿಗರು ತಾವು ತಯಾರಿಸಿದ ಧ್ವನಿ ಕಾರ್ಯಕ್ರಮಗಳನ್ನು ಕೇಬಲ್ ಮೂಲಕ ಮನೆಗಳಿಗೆ ತಲುಪಿಸಿದರು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಮಹತ್ವದ್ದೆನಿಸುವುದು ರಾಜಸ್ಥಾನದ ಅನುಭವ. ಅಲ್ಲಿನ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾ ಎಂಬಲ್ಲಿ ಮೊದಲ ಜನಸುನ್ವಾಯಿ, ಅಂದರೆ ಸಾರ್ವಜನಿಕ ವಿಚಾರಣೆ ನಡೆಸಿದರು. ಕಾಮಗಾರಿಗಳ ಬಿಲ್ಲುಗಳನ್ನೂ ಕೂಲಿಕಾರರ ಹಾಜರಿ ಪಟ್ಟಿಗಳನ್ನೂ ಜನರ ಮುಂದೆ ಗಟ್ಟಿಯಾಗಿ ಓದುವುದು, ಅದು ನಿಜವೇ ಎಂದು ಕೇಳುವುದು: ಇಷ್ಟೇ ಅವರ ವಿಧಾನ. ಕೂಲಿಗೇ ಹೋಗದವರ ಹೆಸರಿನಲ್ಲಿ ಕೂಲಿ ಪಾವತಿಯಾದದ್ದು, ಮುಗಿಯದ ಕಟ್ಟಡ ಮುಗಿದಿದೆಯೆಂದು ದಾಖಲಾದದ್ದು ಆ ಓದಿನಿಂದಲೇ ಹೊರಬಿದ್ದಿತು. 2005ರ ಮಾಹಿತಿ ಹಕ್ಕು ಕಾಯ್ದೆಗೆ ಇಂಥ ಸಭೆಗಳೇ ನೆಲ ಹದಮಾಡಿಕೊಟ್ಟವು.

ಬೆಂಗಳೂರಿಗೂ ಇಂಥ ಪರಂಪರೆಯಿದೆ. ಸ್ಯಾಮ್ಯುಯೆಲ್ ಪಾಲ್ ಅವರ ಪಬ್ಲಿಕ್ ಅಫೇರ್ಸ್ ಸೆಂಟರ್ 1994ರಲ್ಲಿ ನಗರದ ನೀರು, ವಿದ್ಯುತ್, ದೂರವಾಣಿ ಮೊದಲಾದ ಸೇವೆಗಳಿಗೆ ನಾಗರಿಕರಿಂದ ಅಂಕ ಕೊಡಿಸಿ ವರದಿ ಪ್ರಕಟಿಸಿತು. 1999 ಮತ್ತು 2003ರಲ್ಲಿ ಅದೇ ಸಮೀಕ್ಷೆಯನ್ನು ಮತ್ತೆ ನಡೆಸಿದ್ದರಿಂದ ಯಾವ ಸೇವೆ ಸುಧಾರಿಸಿತು, ಯಾವುದು ಇಲ್ಲ ಎಂದು ಹೋಲಿಸಿ ನೋಡುವುದು ಸಾಧ್ಯವಾಯಿತು. 2002ರಲ್ಲಿ ಆರಂಭವಾದ 'ಪ್ರೂಫ್' ಎಂಬ ಆಂದೋಲನ ಅಂದಿನ ಬೆಂಗಳೂರು ಮಹಾನಗರ ಪಾಲಿಕೆಯ ತ್ರೈಮಾಸಿಕ ಹಣಕಾಸು ಲೆಕ್ಕವನ್ನು ಸಾರ್ವಜನಿಕ ಚರ್ಚೆಗೆ ತಂದಿತು.

ಅಂಕಿ ಅಂಶದ ಬಲ

ಸುದ್ದಿ ಪ್ರಕಟವಾದರೆ ಸರ್ಕಾರದ ನಡೆ ನಿಜಕ್ಕೂ ಬದಲಾಗುತ್ತದೆಯೇ? ಟಿಮೊತಿ ಬೆಸ್ಲಿ ಮತ್ತು ರಾಬಿನ್ ಬರ್ಜೆಸ್ ಎಂಬ ಅರ್ಥಶಾಸ್ತ್ರಜ್ಞರು ಭಾರತದ 16 ರಾಜ್ಯಗಳ 1958ರಿಂದ 1992ರವರೆಗಿನ ಅಂಕಿ ಅಂಶಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಪತ್ರಿಕೆಗಳ ಪ್ರಸಾರ ಹೆಚ್ಚಿದ್ದ ರಾಜ್ಯಗಳಲ್ಲಿ, ಬೆಳೆ ಕೈಕೊಟ್ಟಾಗ ಅಥವಾ ನೆರೆ ಬಂದಾಗ, ಪಡಿತರ ಹಂಚಿಕೆ ಮತ್ತು ಪರಿಹಾರದ ವೆಚ್ಚ ಹೆಚ್ಚು ಚುರುಕಾಗಿತ್ತು. ಈ ಪರಿಣಾಮ ಮುಖ್ಯವಾಗಿ ಕಂಡುಬಂದದ್ದು ಇಂಗ್ಲಿಷ್ ಪತ್ರಿಕೆಗಳಿಗಿಂತ ಪ್ರಾದೇಶಿಕ ಭಾಷೆಗಳ ಪತ್ರಿಕೆಗಳಿಂದ. ಹಳ್ಳಿಯ ಸಂಕಟ ಹಳ್ಳಿಯ ಭಾಷೆಯಲ್ಲಿ ಅಚ್ಚಾದಾಗ ಆಳುವವರಿಗೆ ಬೇಗ ಕೇಳಿಸುತ್ತದೆ ಎಂದು ಇದರಿಂದ ತಿಳಿಯಬಹುದು.

ಇನ್ನೊಂದು ಉದಾಹರಣೆ ಉಗಾಂಡದ್ದು. ಅಲ್ಲಿನ ಪ್ರಾಥಮಿಕ ಶಾಲೆಗಳಿಗೆ ಮಕ್ಕಳ ಸಂಖ್ಯೆಗೆ ಅನುಗುಣವಾಗಿ ನೀಡುತ್ತಿದ್ದ ಅನುದಾನದಲ್ಲಿ 1991ರಿಂದ 1995ರ ನಡುವೆ ಶಾಲೆಯನ್ನು ತಲುಪಿದ್ದು ಸರಾಸರಿ ಶೇ 13 ಮಾತ್ರ. ಅನಂತರ ಸರ್ಕಾರ ಪ್ರತಿ ತಿಂಗಳು ಯಾವ ಜಿಲ್ಲೆಗೆ ಎಷ್ಟು ಹಣ ಬಿಡುಗಡೆಯಾಯಿತೆಂಬ ಪಟ್ಟಿಯನ್ನು ಪತ್ರಿಕೆಗಳಲ್ಲಿ ಪ್ರಕಟಿಸಲು ಆರಂಭಿಸಿತು. ಶಾಲೆಗಳ ಗೋಡೆಯ ಮೇಲೂ ಅಂಟಿಸಲು ಆದೇಶಿಸಿತು. 2001ರ ಹೊತ್ತಿಗೆ ಶಾಲೆಗಳನ್ನು ತಲುಪುತ್ತಿದ್ದ ಪಾಲು ಶೇ 80ನ್ನು ಮೀರಿತ್ತು. ಈ ಸುಧಾರಣೆಯ ಶ್ರೇಯಸ್ಸು ಎಷ್ಟರ ಮಟ್ಟಿಗೆ ಪ್ರಕಟಣೆಗೆ, ಎಷ್ಟರ ಮಟ್ಟಿಗೆ ಇತರ ಆಡಳಿತ ಸುಧಾರಣೆಗಳಿಗೆ ಸಲ್ಲಬೇಕು ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೂ ಗಮನಿಸಬೇಕಾದ ಅಂಶವೊಂದಿದೆ. ಆ ಪಟ್ಟಿಯಲ್ಲಿ ಯಾರ ಮೇಲೂ ಆರೋಪವಿರಲಿಲ್ಲ. ಎಷ್ಟು ಹಣ ಬರಬೇಕಾಗಿತ್ತು ಎಂಬುದು ಶಿಕ್ಷಕರಿಗೂ ಪೋಷಕರಿಗೂ ಮೊದಲ ಬಾರಿಗೆ ತಿಳಿಯಿತು, ಅಷ್ಟೇ.

ಮೂರು ದಶಕಗಳ ಸರ್ಕಾರಿ ಸೇವೆಯಲ್ಲಿ ಕಂಡ ಅನುಭವವೂ ಇದಕ್ಕೆ ಪೂರಕವಾಗಿದೆ. ಕಚೇರಿಗೆ ಬರುವ ಅರ್ಜಿಗಳಲ್ಲಿ ಎರಡು ಬಗೆ. 'ನಮ್ಮ ರಸ್ತೆ ಬಹಳ ಹದಗೆಟ್ಟಿದೆ, ಅಧಿಕಾರಿಗಳು ನಿದ್ರಿಸುತ್ತಿದ್ದಾರೆ, ಕೂಡಲೇ ಕ್ರಮ ಕೈಗೊಳ್ಳಬೇಕು' ಎಂಬುದು ಮೊದಲ ಬಗೆಯದು. ಅದರ ಮೇಲೆ 'ಸೂಕ್ತ ಕ್ರಮಕ್ಕಾಗಿ' ಎಂಬ ಷರಾ ಬೀಳುತ್ತದೆ. ಅರ್ಜಿ ಮೇಲಿನಿಂದ ಕೆಳಗಿಳಿದು ಕೊನೆಗೆ ಯಾರ ಮೇಲೆ ದೂರಿದೆಯೋ ಅವರ ಮೇಜನ್ನೇ ಸೇರುತ್ತದೆ. 'ಅನುದಾನ ಲಭ್ಯವಾದ ನಂತರ ಪರಿಶೀಲಿಸಲಾಗುವುದು' ಎಂಬ ಹಿಂಬರಹದೊಂದಿಗೆ ಕಡತ ಮುಕ್ತಾಯವಾಗುತ್ತದೆ. ಎರಡನೆಯ ಬಗೆಯ ಅರ್ಜಿ ವಿರಳ. ಇಂಥ ದಿನಾಂಕದ ಕಾರ್ಯಾದೇಶದಂತೆ ಈ ಕಾಮಗಾರಿ ನಡೆದಿದೆ, ಇಂಥ ದಿನ ಬಿಲ್ಲು ಪಾವತಿಯಾಗಿದೆ, ಗುತ್ತಿಗೆದಾರರ ದೋಷ ಹೊಣೆಗಾರಿಕೆಯ ಅವಧಿ ಇಂಥ ದಿನದವರೆಗೆ ಇದೆ, ಹಾಳಾದ ಭಾಗದ ಛಾಯಾಚಿತ್ರ ಲಗತ್ತಿಸಿದೆ ಎಂದು ಅದರಲ್ಲಿರುತ್ತದೆ. ಇದನ್ನು ಕೆಳಗೆ ತಳ್ಳುವುದು ಸುಲಭವಲ್ಲ. ಅವಧಿಯೊಳಗಿನ ದುರಸ್ತಿಗೆ ಸಾರ್ವಜನಿಕ ಹಣ ವೆಚ್ಚವಾದರೆ ನಾಳೆ ಲೆಕ್ಕ ಪರಿಶೋಧಕರು ಆಕ್ಷೇಪಿಸುತ್ತಾರೆ, ಆಗ ಈ ಅರ್ಜಿಯೇ ಸಾಕ್ಷಿಯಾಗುತ್ತದೆ ಎಂಬುದು ಅಧಿಕಾರಿಗೆ ತಿಳಿದಿರುತ್ತದೆ.

ಪ್ರಾಮಾಣಿಕ ಅಧಿಕಾರಿಗೂ ಇಂಥ ದಾಖಲೆ ಆಸರೆಯಾಗುತ್ತದೆ. ಕಳಪೆ ಕೆಲಸದ ಬಿಲ್ಲಿಗೆ ಸಹಿ ಹಾಕುವಂತೆ ಒತ್ತಡ ಬಂದಾಗ 'ಬೀದಿಯ ಜನ ಅಳತೆ ಬರೆದಿಟ್ಟುಕೊಂಡಿದ್ದಾರೆ' ಎಂದು ಹೇಳಲು ಅವಕಾಶವಿರುವ ಎಂಜಿನಿಯರಿಗೂ, ಅಂಥ ಮಾತೇ ಇಲ್ಲದ ಎಂಜಿನಿಯರಿಗೂ ಬಹಳ ವ್ಯತ್ಯಾಸವಿದೆ.

ಆರಂಭಿಸುವುದು ಹೇಗೆ

ಮೊದಲನೆಯದಾಗಿ, ಇಡೀ ವಾರ್ಡನ್ನು ಹೆಗಲಿಗೇರಿಸಿಕೊಳ್ಳದೆ ಒಂದೇ ವಿಷಯವನ್ನು ಆರಿಸಿಕೊಳ್ಳುವುದು ಲೇಸು. ನೀರು ಎಂದಿಟ್ಟುಕೊಳ್ಳೋಣ. ನಲ್ಲಿಯಲ್ಲಿ ನೀರು ಬಂದ ದಿನ, ಬಂದ ಹೊತ್ತು, ನಿಂತ ಹೊತ್ತು ಇಷ್ಟನ್ನು ಮೂರು ಬೀದಿಗಳ ಮೂವರು ತಮ್ಮ ತಮ್ಮ ಪುಸ್ತಕದಲ್ಲಿ ಬರೆದಿಟ್ಟರೆ ಮೂರು ತಿಂಗಳಿಗೆ ಒಂದು ತಖ್ತೆ ಸಿದ್ಧವಾಗುತ್ತದೆ. ಒಂದು ಬೀದಿಗೆ ವಾರಕ್ಕೆ ಮೂರು ದಿನ, ಇನ್ನೊಂದಕ್ಕೆ ಒಂದೇ ದಿನ ಎಂಬ ಸಂಗತಿ ಆಗ ವಾದದ ವಿಷಯವಾಗಿ ಉಳಿಯುವುದಿಲ್ಲ. ನ್ಯಾಯಬೆಲೆ ಅಂಗಡಿ ತೆರೆದ ದಿನಗಳು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿದ್ದ ವೇಳೆ, ಅಂಗನವಾಡಿಗೆ ಆಹಾರ ಸಾಮಗ್ರಿ ಬಂದ ದಿನಾಂಕ, ಕಸದ ವಾಹನ ಬಾರದ ದಿನಗಳು ಇವೆಲ್ಲ ಇದೇ ಬಗೆಯವು.

ಎರಡನೆಯದು ದಾಖಲೆ. ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಿಂದ ಜಾರಿಯಲ್ಲಿದೆ. ಅದರ 4ನೇ ಕಲಂ ಪ್ರಕಾರ ಅನೇಕ ವಿವರಗಳನ್ನು ಯಾರೂ ಕೇಳದೆಯೇ ಕಚೇರಿಗಳು ಪ್ರಕಟಿಸಬೇಕು. ಪ್ರಕಟಿಸದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ. 30 ದಿನಗಳಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿಗೆ ಅವಕಾಶವಿದೆ. ಕರ್ನಾಟಕದ ನಿಯಮಗಳಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು. ಆದ್ದರಿಂದ 'ಎಲ್ಲ ವಿವರ ಕೊಡಿ' ಎನ್ನುವ ಬದಲು ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಅಂತಿಮ ಬಿಲ್ಲು ಎಂದು ಹೆಸರಿಸಿ ಕೇಳಬೇಕು. ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಕಾಯ್ದೆಯ 2ನೇ ಕಲಮಿನ ವ್ಯಾಖ್ಯೆಯಲ್ಲಿಯೇ ಇದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಈ ಕಾಗದಗಳು ಕೈಗೆ ಬಂದರೆ ಉಳಿದದ್ದು ಪ್ರೌಢಶಾಲೆಯ ಗಣಿತ. ಉದಾಹರಣೆಗಾಗಿ 200 ಮೀಟರ್ ಉದ್ದ, 5 ಮೀಟರ್ ಅಗಲದ ರಸ್ತೆಗೆ 40 ಮಿಲಿಮೀಟರ್ ದಪ್ಪ ಡಾಂಬರು ಹಾಕಬೇಕೆಂದು ಅಂದಾಜು ಪಟ್ಟಿಯಲ್ಲಿದೆ ಎನ್ನೋಣ. ಅದಕ್ಕೆ 40 ಘನ ಮೀಟರ್ ಸಾಮಗ್ರಿ ಬೇಕು. ದಪ್ಪ 25 ಮಿಲಿಮೀಟರ್ ಮಾತ್ರ ಇದ್ದರೆ ಬಳಕೆಯಾದದ್ದು 25 ಘನ ಮೀಟರ್, ಶೇ 37.5ರಷ್ಟು ಕಡಿಮೆ. ಇದನ್ನು ಕಂಡುಕೊಳ್ಳಲು ನಾವೇ ರಸ್ತೆ ಅಗೆಯಬೇಕಾಗಿಲ್ಲ, ಅಗೆಯಲೂ ಬಾರದು. ಎಂಜಿನಿಯರ ಸಮಕ್ಷಮದಲ್ಲಿ ಮಾದರಿ ತೆಗೆಸಬೇಕೆಂದು ಕೇಳಬಹುದು.

ಮೂರನೆಯದು ಹಾಜರಿ. ವರ್ಷಕ್ಕೆ ಕನಿಷ್ಠ ಎರಡು ಬಾರಿ ಗ್ರಾಮಸಭೆ ನಡೆಯಬೇಕು. ವಾರ್ಡ್ ಸಭೆ, ಜಮಾಬಂದಿಗಳೂ ಪಂಚಾಯಿತಿ ವ್ಯವಸ್ಥೆಯಲ್ಲಿವೆ. ನಗರಗಳಿಗೆ ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಲ್ಪಿಸಿದೆ. ಸಭೆ ನಡೆಯಿತೇ, ಕೋರಂ ಇತ್ತೇ, ಏನು ಠರಾವಾಯಿತು, ಹಿಂದಿನ ಠರಾವುಗಳ ಗತಿಯೇನು ಎಂಬ ಒಂದು ಪುಟದ ವರದಿ ಬರೆದು ದಿನಸಿ ಅಂಗಡಿಯ ಗೋಡೆಗೋ ಗ್ರಂಥಾಲಯದ ಫಲಕಕ್ಕೋ ಅಂಟಿಸಿದರೆ ಅದಕ್ಕಿಂತ ಒಳ್ಳೆಯ ಸ್ಥಳೀಯ ಪತ್ರಿಕೆ ಬೇಕಿಲ್ಲ. ಸಭೆ ನಡೆಯದಿದ್ದರೆ 'ಈ ತಿಂಗಳು ಸಭೆ ನಡೆಯಲಿಲ್ಲ' ಎಂಬುದೇ ಸುದ್ದಿ.

ನಾಲ್ಕನೆಯದು ಎದುರು ಪಕ್ಷದ ಮಾತು. ಪ್ರಕಟಿಸುವ ಮೊದಲು ಎಂಜಿನಿಯರ್, ಪಿಡಿಒ ಅಥವಾ ಗುತ್ತಿಗೆದಾರರನ್ನು ಕೇಳಿ ಅವರ ಉತ್ತರವನ್ನೂ ಬರೆಯಬೇಕು. ಕೆಲಸ ಚೆನ್ನಾಗಿ ನಡೆದಿದ್ದರೆ ಅದನ್ನೂ ಅಷ್ಟೇ ನಿಖರವಾಗಿ ದಾಖಲಿಸಬೇಕು. ಬೆಳಗಿನ ಜಾವವೇ ಬೀದಿ ಗುಡಿಸಿ ಮುಗಿಸುವ ಪೌರಕಾರ್ಮಿಕರ ಹೆಸರು ನಮ್ಮ ವರದಿಯಲ್ಲಿ ದೂರಿನ ಸಂದರ್ಭದಲ್ಲಿ ಮಾತ್ರ ಬರುವುದಾದರೆ ಆ ವರದಿ ಅರ್ಧಸತ್ಯ.

ಕಡೆಯದಾಗಿ, ಮರಳಿ ಹೋಗಿ ನೋಡುವುದು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿಬಂದ ದೃಶ್ಯಗಳು 2015ರಲ್ಲಿ ಲೋಕದ ಗಮನ ಸೆಳೆದವು. 2017ರ ಫೆಬ್ರವರಿಯಲ್ಲಿ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಆದರೂ 2018ರ ಜನವರಿಯಲ್ಲಿ ಮತ್ತೆ ಬೆಂಕಿ ಹೊತ್ತಿತು. ಚಿತ್ರ ಎಚ್ಚರಿಸಬಲ್ಲದು, ಕೆರೆಗೆ ಬಂದು ಸೇರುವ ಕೊಳಚೆ ಕಡಿಮೆಯಾಯಿತೇ ಎಂಬುದನ್ನು ಹೇಳಬೇಕಾದರೆ ತಿಂಗಳು ತಿಂಗಳೂ ಹೋಗಿ ನೋಡಿ ಬರೆದಿಟ್ಟವರು ಬೇಕು.

ಮಿತಿಗಳು, ಅಪಾಯಗಳು

ಈ ಕೆಲಸಕ್ಕೆ ಇಳಿಯುವವರು ಕಾನೂನನ್ನೂ ಅರಿತಿರಬೇಕು. ಸಂವಿಧಾನದ 19(1)(ಎ) ವಿಧಿ ವೃತ್ತಿ ಪತ್ರಕರ್ತರಿಗೆ ಕೊಟ್ಟಿರುವ ಸ್ವಾತಂತ್ರ್ಯವೇ ಸಾಮಾನ್ಯ ನಾಗರಿಕರಿಗೂ ಇದೆ, ಹೊಣೆಯೂ ಅಷ್ಟೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಮಾನಹಾನಿ ಅಪರಾಧ. ಸಾರ್ವಜನಿಕ ಹಿತಕ್ಕಾಗಿ ಆಡಿದ ಸತ್ಯಕ್ಕೆ, ಸರ್ಕಾರಿ ನೌಕರರ ಕರ್ತವ್ಯ ನಿರ್ವಹಣೆಯ ಬಗ್ಗೆ ಸದುದ್ದೇಶದಿಂದ ವ್ಯಕ್ತಪಡಿಸಿದ ಅಭಿಪ್ರಾಯಕ್ಕೆ ಅದರಲ್ಲಿ ವಿನಾಯಿತಿಯಿದೆ. ಆದರೆ ಸತ್ಯವೆಂದು ತೋರಿಸಲು ಕಾಗದ ಬೇಕು. 'ಕಳ್ಳ ಗುತ್ತಿಗೆದಾರ' ಎಂದು ಬರೆಯುವುದಕ್ಕಿಂತ 'ಪಟ್ಟಿಯಲ್ಲಿ 40, ಅಳತೆಯಲ್ಲಿ 25' ಎಂದು ಬರೆಯುವುದು ಸುರಕ್ಷಿತವೂ ಹೌದು, ಹೆಚ್ಚು ಪರಿಣಾಮಕಾರಿಯೂ ಹೌದು. ಲೈಂಗಿಕ ಅಪರಾಧಗಳಿಗೆ ತುತ್ತಾದವರ ಹಾಗೂ ಮಕ್ಕಳ ಗುರುತನ್ನು ಬಹಿರಂಗಪಡಿಸುವುದು ಶಿಕ್ಷಾರ್ಹವೆಂಬುದನ್ನು ಮರೆಯಲಾಗದು.

ಮಾಹಿತಿಯ ಬಾಗಿಲು ಇತ್ತೀಚೆಗೆ ಕಿರಿದಾಗಿದೆ ಎಂಬುದನ್ನೂ ಹೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿಗೆ ತಂದ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದಿತು. ವೈಯಕ್ತಿಕ ಮಾಹಿತಿ ಎಂಬ ಕಾರಣಕ್ಕೇ ವಿವರ ನಿರಾಕರಿಸುವುದು ಈಗ ಮೊದಲಿಗಿಂತ ಸುಲಭ. ಹೆಚ್ಚಿನ ಸಾರ್ವಜನಿಕ ಹಿತವಿದ್ದಲ್ಲಿ ಮಾಹಿತಿ ನೀಡಬಹುದೆನ್ನುವ 8(2)ನೇ ಉಪಕಲಂ ಉಳಿದಿದೆ. ಅರ್ಜಿದಾರರು ಅದನ್ನು ಉಲ್ಲೇಖಿಸಿ ವಾದಿಸುವುದನ್ನು ಕಲಿಯಬೇಕು.

ಅಪಾಯ ಕೇವಲ ಕಾನೂನಿನದಲ್ಲ. ಭೂ ಅಕ್ರಮಗಳನ್ನು ಬಯಲಿಗೆಳೆದ ಸತೀಶ್ ಶೆಟ್ಟಿ ಅವರು 2010ರ ಜನವರಿಯಲ್ಲಿ ಪುಣೆ ಬಳಿಯ ತಳೇಗಾಂವ್‌ನಲ್ಲಿ ಕೊಲೆಯಾದರು. ಏಕಾಂಗಿಯಾಗಿ ನಿಂತವರನ್ನು ಗುರಿ ಮಾಡುವುದು ಸುಲಭ. ನಾಲ್ಕಾರು ಜನ ಒಟ್ಟಾಗಿ ಅರ್ಜಿ ಹಾಕುವುದು, ಒಟ್ಟಾಗಿ ಅಳೆಯುವುದು, ಎಲ್ಲರ ಹೆಸರಿನಲ್ಲಿ ಪ್ರಕಟಿಸುವುದು ಜಾಣತನ. ಇದಕ್ಕೆ ವಿರುದ್ಧವಾದ ಕಾಯಿಲೆಯೂ ನಮ್ಮಲ್ಲಿದೆ. ವಾಹನಕ್ಕೆ 'ಪ್ರೆಸ್' ಎಂದು ಅಂಟಿಸಿಕೊಂಡು, ಪಡೆದ ಮಾಹಿತಿಯನ್ನು ಪ್ರಕಟಿಸದೆ ವ್ಯಾಪಾರಕ್ಕಿಡುವವರನ್ನು ಕಚೇರಿಗಳಲ್ಲಿ ಕಂಡವರೆಲ್ಲ ಬಲ್ಲರು. ಪಡೆದ ಪ್ರತಿಯೊಂದು ಕಾಗದವನ್ನೂ ಜನರ ಮುಂದಿಡುವುದೇ ಈ ಅನುಮಾನಕ್ಕೆ ಉತ್ತರ.

ಇವೆಲ್ಲಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. ಬರೆಯಬಲ್ಲವರು, ಕಾಲಾವಕಾಶವುಳ್ಳವರು ಹೆಚ್ಚಾಗಿ ಅನುಕೂಲಸ್ಥರ ಬಡಾವಣೆಗಳಲ್ಲಿರುತ್ತಾರೆ. ಅವರ ಪಾರ್ಕಿನ ಬೆಂಚು ಮುರಿದದ್ದು ದಾಖಲಾಗಿ, ಪಕ್ಕದ ಕೊಳೆಗೇರಿಯ ಸಾರ್ವಜನಿಕ ನಲ್ಲಿ ಒಣಗಿದ್ದು ದಾಖಲಾಗದೆ ಹೋದರೆ, ಅನುದಾನ ಹರಿಯುವುದು ಸದ್ದಾದ ಕಡೆಗೇ. ಆಗ ನಮ್ಮ ವರದಿಗಾರಿಕೆಯೇ ಅಸಮಾನತೆಯನ್ನು ಹೆಚ್ಚಿಸಿದಂತಾಗುತ್ತದೆ. ಆದ್ದರಿಂದ ವಾರ್ಡಿನ ಪುಸ್ತಕದಲ್ಲಿ ರಸ್ತೆಯ ಆಚೆ ಬದಿಯ ಪುಟವೂ ಇರಬೇಕು. ಸಾಧ್ಯವಾದಷ್ಟೂ ಅಲ್ಲಿಯವರೇ ಅದನ್ನು ಬರೆಯಬೇಕು. ಚಿತ್ರಕೂಟದ ಮಹಿಳೆಯರು ಮಾಡಿದ್ದನ್ನು ನಮ್ಮ ಸ್ವಸಹಾಯ ಸಂಘಗಳ ಸದಸ್ಯೆಯರು ಮಾಡಲಾರರು ಎನ್ನಲು ಕಾರಣವಿಲ್ಲ.

ಪತ್ರಿಕೆಗಳು ತಮ್ಮ ಹೊಣೆಯನ್ನು ಬಿಟ್ಟಿ ದುಡಿಮೆಯವರ ಮೇಲೆ ಹೊರಿಸಲು ಇದು ನೆಪವಾಗಬಾರದು ಎಂಬ ಆಕ್ಷೇಪ ನ್ಯಾಯವಾದದ್ದು. ದೊಡ್ಡ ಹಗರಣದ ತನಿಖೆಗೆ, ಪ್ರಬಲರ ಎದುರು ನಿಲ್ಲುವುದಕ್ಕೆ ಸಂಸ್ಥೆಯ ಬಲವಿರುವ ವೃತ್ತಿ ಪತ್ರಕರ್ತರೇ ಬೇಕು. ಪತ್ರಿಕೆಗಳು ವಾರಕ್ಕೊಮ್ಮೆ ಅರ್ಧ ಪುಟವನ್ನು ವಾರ್ಡುಗಳ ಲೆಕ್ಕಕ್ಕೆ ಮೀಸಲಿಟ್ಟು, ಬಂದ ವರದಿಯನ್ನು ಪರಿಶೀಲಿಸಲು ಒಬ್ಬ ಉಪಸಂಪಾದಕರನ್ನು ನಿಯೋಜಿಸಿದರೆ ಎರಡೂ ಕಡೆಯ ಕೆಲಸ ಒಂದಕ್ಕೊಂದು ಒದಗುತ್ತದೆ. ಕೊರಿಯದ ಪ್ರಯೋಗ ಕಲಿಸಿದ ಪಾಠವೂ ಇದೇ.

ಪ್ರತಿ ಮಳೆಗಾಲದಲ್ಲಿಯೂ ನಮ್ಮ ರಸ್ತೆಗಳು ಕಿತ್ತುಬರುತ್ತವೆ, ಪ್ರತಿ ಬೇಸಿಗೆಯಲ್ಲಿಯೂ ಮತ್ತೆ ಡಾಂಬರು ಬೀಳುತ್ತದೆ. ಎರಡೂ ಬಾರಿ ನಾವು ಬೈಯುತ್ತೇವೆ, ಎರಡೂ ಬಾರಿ ಮರೆಯುತ್ತೇವೆ. ಮುಂದಿನ ಮಳೆಗಾಲದಲ್ಲಿ ಗುಂಡಿ ಬಿದ್ದಾಗ, ಪುಸ್ತಕ ತೆರೆದು 'ಈ ಡಾಂಬರು ಬಿದ್ದದ್ದು ಇಂಥ ದಿನ, ವೆಚ್ಚ ಇಷ್ಟು, ಗುತ್ತಿಗೆದಾರರ ಹೊಣೆ ಇನ್ನೂ ಮುಗಿದಿಲ್ಲ' ಎಂದು ಓದಿ ಹೇಳಬಲ್ಲವರು ಬೀದಿಗೆ ಒಬ್ಬರಾದರೂ ಇರಬೇಕು. ಅದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು, ಒಂದು ಅಳತೆ ಟೇಪು ಮತ್ತು ವಾರಕ್ಕೆ ಎರಡು ಗಂಟೆಯ ಬಿಡುವು.